ಅಕ್ಕನ ಗೇಟಿನ ಮುಂದೆ ಚೆಲ್ಲಿದ್ದ ಆಯಿಲ್ ಕುರಿತು ಎರಡನೇ ಹೇಳಿಕೆ

ಹೇಳಿಕೆ ಕೊಡುವವನು: ಎಲ್ಲರೂ ‘ಸ್ಪ್ಯಾನರ್’ ಎಂದೇ ಕರೆಯುವ ಎಂಜಿನ್ ಮೆಕ್ಯಾನಿಕ್. ವಯಸ್ಸು 47. ವಾಸ: ಸ್ವಂತ ಗ್ಯಾರೇಜಿನ ಹಿಂದಿನ ಎರಡು ಕೋಣೆ.

ಮೊನ್ನೆ 12ನೇ ತಾರೀಖು ಇದೇ ಠಾಣೆಯಲ್ಲಿ ಬ್ರೆಡ್ ವ್ಯಾನಿನ ಡ್ರೈವರ್ ಮೇಲೆ ದೂರು ಬರೆಸಿದವನು ನಾನೇ. ಆ ದೂರು ತಪ್ಪು. ಅದು ಹೇಗೆ ತಪ್ಪು ಎಂಬುದನ್ನು ಇಂದು ಯಾರೂ ಕರೆಸದೆ ನಾನಾಗಿ ಬಂದು ಬರೆಸುತ್ತಿದ್ದೇನೆ.

12ರಂದು ಬೆಳಿಗ್ಗೆ 8.40ಕ್ಕೆ ನನ್ನ ಅಕ್ಕ (ವಯಸ್ಸು 53, ಟೈಲರ್) ಸ್ಕೂಟರಿನಲ್ಲಿ ಮನೆಯಿಂದ ಹೊರಟಳು. ಗೇಟಿನಿಂದ ಒಂಬತ್ತು ಅಡಿ ದೂರದಲ್ಲಿ ಚೆಲ್ಲಿದ್ದ ಎಂಜಿನ್ ಆಯಿಲ್ ಮೇಲೆ ಚಕ್ರ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಕತ್ತರಿ ಹಿಡಿಯುವ ಕೈ ಅದೇ. ಹೆಬ್ಬೆರಳು ಮೊದಲಿನಂತೆ ಮಡಚುತ್ತದೋ ಇಲ್ಲವೋ ಆರು ವಾರ ಕಳೆಯದೆ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ.

ಬ್ರೆಡ್ ವ್ಯಾನ್ ದಿನಾ 7 ಗಂಟೆಗೆ ಅದೇ ಗೇಟಿನ ಎದುರು ನಿಲ್ಲುತ್ತದೆ. ಆಯಿಲ್ ಸೋರುವುದರಲ್ಲಿ ಅದು ಮೊದಲಿನಿಂದ ಹೆಸರುವಾಸಿ. ನಾನು ಹಿಂದೆಮುಂದೆ ನೋಡದೆ ಡ್ರೈವರ್ ಹೆಸರು ಹೇಳಿದೆ. ತಾವು ವ್ಯಾನ್ ತಂದು ಠಾಣೆಯ ಆವರಣದಲ್ಲಿ ನಿಲ್ಲಿಸಿಕೊಂಡಿದ್ದೀರಿ.

13ರಂದು ಬೆಳಿಗ್ಗೆ 10.15ಕ್ಕೆ ಡ್ರೈವರ್ ಗ್ಯಾರೇಜಿಗೆ ಬಂದ. ಜಗಳಕ್ಕೇ ಬಂದನೆಂದು ನಾನೂ ಸಿದ್ಧನಾಗಿ ನಿಂತೆ. ಅವನು ದನಿ ಏರಿಸಲಿಲ್ಲ. ಎಂಟು ದಿನದ ಹಿಂದೆ ಕ್ರ್ಯಾಂಕ್‌ಶಾಫ್ಟಿನ ಎರಡೂ ಸೀಲ್ ಬದಲಾಯಿಸಿದ್ದು ನೀನೇ ಅಲ್ವಾ ಗುರು, ಇನ್ನೂ ಸೋರ್ತಿದ್ರೆ ನಿನ್ನ ಕೆಲಸ ಸರಿ ಇಲ್ಲ, ಸೋರ್ತಿಲ್ಲ ಅಂದ್ರೆ ನನ್ನ ಮೇಲೆ ಯಾಕೆ ಕೇಸು ಎಂದು ಕೇಳಿದ. ಸೀಲ್ ಎಂದರೆ ಶಾಫ್ಟ್ ಎಂಜಿನ್ನಿನಿಂದ ಹೊರಬರುವ ಎರಡು ತುದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ. ನನಗೆ ಸಿಟ್ಟು ಬಂತು.

11.30ಕ್ಕೆ ಇದೇ ಆವರಣದಲ್ಲಿ ಕಾನ್‌ಸ್ಟೇಬಲ್ ಎದುರಿಗೇ ವ್ಯಾನ್ ಪರೀಕ್ಷಿಸಿದೆ. ಎಂಜಿನ್ ತೊಳೆದು ಒರೆಸಿ, ಮುಂದಿನ ಪುಲ್ಲಿಯ ಹಿಂದೆ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಮುಖದ ಪೌಡರ್ ಉದುರಿಸಿ, 40 ನಿಮಿಷ ಓಡಿಸಿದೆ. ಸೀಲ್ ಸೋರಿದರೆ ಪೌಡರ್ ಒದ್ದೆಯಾಗುತ್ತದೆ. ಏನಪ್ಪಾ, ಎಂಜಿನ್ನಿಗೂ ಮೇಕಪ್ಪಾ ಎಂದು ಕಾನ್‌ಸ್ಟೇಬಲ್ ನಕ್ಕರು. ಎರಡೂ ಕಡೆ ಪೌಡರ್ ಒದ್ದೆಯಾಗಿರಲಿಲ್ಲ. ಮಟ್ಟ ಅಳೆಯುವ ಕಡ್ಡಿ ತೆಗೆದು ನೋಡಿದರೆ ಸೀಲ್ ಜೊತೆ ಹಾಕಿದ ಹೊಸ ಆಯಿಲ್ ಇನ್ನೂ ಜೇನಿನ ಬಣ್ಣ, ಮಟ್ಟವೂ ಇಳಿದಿರಲಿಲ್ಲ. ಮೊದಲು ನನಗೆ ಖುಷಿಯೇ ಆಯಿತು, ನನ್ನ ಕೆಲಸ ಗಟ್ಟಿ ಎಂದು. ಇದನ್ನೂ ಬರೆದುಕೊಳ್ಳಿ.

2 ಗಂಟೆಗೆ ಅಕ್ಕನ ಮನೆಗೆ ಹೋಗಿ, ಬಿದ್ದಾಗ ಉಟ್ಟಿದ್ದ ಬಟ್ಟೆ ತೋರಿಸು ಎಂದೆ. ಕಲೆ ಕಾಡಿಗೆಯಷ್ಟು ಕಪ್ಪಗಿತ್ತು. ಅಂಥ ಆಯಿಲ್ ಇರುವುದು ನನ್ನ ಡೀಸೆಲ್ ಪಿಕಪ್ಪಿನಲ್ಲಿ. ಅದರ ಹಿಂದಿನ ಸೀಲ್ ಹನ್ನೊಂದು ತಿಂಗಳಿಂದ ಹನಿಯುತ್ತಿತ್ತು, ಹೋದ ವಾರದಿಂದ ಜಾಸ್ತಿಯಾಗಿತ್ತು. ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕು. ಊರವರ ಗಾಡಿಗಳದ್ದೆಲ್ಲ ಇಳಿಸುತ್ತೇನೆ. ನನ್ನದಕ್ಕೆ ಕೆಳಗೊಂದು ಟ್ರೇ ಇಟ್ಟು ನಾಳೆ ಎನ್ನುತ್ತಿದ್ದೆ.

12ರಂದು 8.10ರಿಂದ 8.30ರವರೆಗೆ ಆ ಪಿಕಪ್ ಅಕ್ಕನ ಗೇಟಿನ ಎದುರು ನಿಂತಿತ್ತು. ಬ್ಯಾಟರಿ ವೀಕ್ ಇದ್ದುದರಿಂದ ಎಂಜಿನ್ ಆರಿಸದೆ ಅಕ್ಕನ ಮನೆಯೊಳಗೆ ಕೂತು ಟೀ ಕುಡಿದೆ. ಹೊರಡುವಾಗ ಬಗ್ಗಿ ನೋಡಲಿಲ್ಲ. ಮೊದಲ ದೂರಿನಲ್ಲಿ ಇದು ಇಲ್ಲ. ಮುಚ್ಚಿಟ್ಟದ್ದಲ್ಲ, ನನ್ನ ಗಾಡಿಯೂ ಒಂದು ಗಾಡಿ ಎಂಬುದು ತಲೆಗೇ ಬರಲಿಲ್ಲ. ನಿನ್ನೆ 4 ಗಂಟೆಗೆ ಟ್ರೇ ಇಟ್ಟು 20 ನಿಮಿಷ ಎಂಜಿನ್ ಓಡಿಸಿದಾಗ ಅರ್ಧ ಲೋಟ ಆಯಿಲ್ ಬಿತ್ತು.

ಸಂಜೆ 5.30ಕ್ಕೆ ಅಕ್ಕನಿಗೆ ಹೇಳಿದೆ. ಹೊತ್ತಾಯ್ತು ಅಂದ್ರೂ ಟೀ ಕುಡಿದು ಹೋಗು ಅಂತ ಕೂರಿಸಿದ್ದು ನಾನೇ ಅಲ್ವೇನೋ ಎಂದಳು. ಆಮೇಲೆ, ದೂರು ವಾಪಸ್ ತಗೊಂಡ್ರೆ ಸಾಕು, ಯಾರೋ ಚೆಲ್ಲಿದ್ರು ಅಂದ್ಬಿಡು ಎಂದಳು. ಹಾಗೆಂದರೆ ಎಲ್ಲರ ಬಾಯಲ್ಲಿ ಆ ‘ಯಾರೋ’ ಬ್ರೆಡ್ ವ್ಯಾನಿನವನೇ ಆಗಿ ಉಳಿಯುತ್ತಾನೆ ಎಂದೆ. ಇಂದು ಬೆಳಿಗ್ಗೆ ನಾನು ಹೊರಟಾಗ ಅವಳೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದಳು.

ಡ್ರೈವರನ ವ್ಯಾನ್ ಬಿಟ್ಟುಕೊಡಬೇಕೆಂದು ಕೋರುತ್ತೇನೆ. ನನ್ನ ಪಿಕಪ್ಪನ್ನು ಅದರ ಪಕ್ಕದಲ್ಲಿ ನಿಲ್ಲಿಸಿದ್ದೇನೆ. ಎಂಜಿನ್ ಆರಿಸಿ, ಕೆಳಗೆ ಟ್ರೇ ಇಟ್ಟಿದ್ದೇನೆ. ಕೀ ಈ ಮೇಜಿನ ಮೇಲಿದೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಇಲ್ಲದ್ದನ್ನು ಸೇರಿಸಿಲ್ಲ, ನನ್ನನ್ನು ಉಳಿಸಿಕೊಳ್ಳಲು ಏನನ್ನೂ ಬಿಟ್ಟಿಲ್ಲ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: 14, ಬೆಳಿಗ್ಗೆ 9.50
ಸಹಿ: (ಸ್ಪ್ಯಾನರ್)

ಸಾಕ್ಷಿ: ಹೇಳಿಕೆದಾರನ ಅಕ್ಕ. ಓದು ಬರಹ ಬರುತ್ತದೆ. ಬಲಗೈ ಏಳದ ಕಾರಣ ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ.