ಗೊಂಬೆ ಹೋದ ಮೇಲೆ

ಸೇಡಂ ಬಸ್ ನಿಲ್ದಾಣದ ಬೆಂಚಿನಲ್ಲಿ ಬಸುರಿ ಜಬೀನಾ ಕೂತಿದ್ದಳು. ಬೆನ್ನ ಹಿಂದೆಯೇ ಅವಳೂರಿನ ದವಾಖಾನೆಯ ನರ್ಸ್ ನೀಲಾಬಾಯಿ, ತನಗೆ ತರಬೇತಿ ಕೊಟ್ಟಿದ್ದ ಶಿವಗಂಗಾಳ ಮುಂದೆ ಅಳುತ್ತಿದ್ದಳು.

“ಕೂಸು ಅಳಲೇ ಇಲ್ರಿ ಅಕ್ಕಾ. ಮಾಸ್ಕ್ ಹಿಡಿದು ಗಾಳಿಚೀಲ ಒತ್ತಿದೆ, ಎದಿ ಏಳಲಿಲ್ಲ. ಕೂಸು ಉಳೀಲಿಲ್ಲ.”

“ತರಬೇತ್ಯಾಗ ಕೂಸಿನ ಗೊಂಬಿ ಮ್ಯಾಲ ಕಲ್ತಿದ್ದಿಲ್ಲೇನು?”

“ಒಮ್ಮೆ ಮುಟ್ಟೀನಿ, ಅಷ್ಟ. ಪರೀಕ್ಷಾದಾಗ ನೀವೇ ಹೇಳಿಕೊಟ್ರಿ.”

“ಯಾರೂ ಫೇಲ್ ಆಗಬಾರ್ದಂತ ಎಲ್ಲಾರಿಗೂ ಇಪ್ಪತ್ತಕ್ಕ ಇಪ್ಪತ್ತು ಹಾಕ್ದೆ, ತಂಗಿ.”

“ಮತ್ತೊಮ್ಮೆ ಕಲಿಸ್ರಿ.”

“ಹ್ಯಾಂಗ ಕಲಿಸ್ಲಿ? ಆ ಮಾರ್ಕ್ಸ್ ಎಲ್ಲಾ ಜಿಲ್ಲಾ ಆಫೀಸಿನವರು ಕಂಪ್ಯೂಟರದಾಗ ಹಾಕಿ ನೋಡ್ಯಾರ. ಈ ತಾಲೂಕಿನವರು ಭಾಳ ಛಲೋ ಕಲ್ತಾರ, ಇನ್ನ ತರಬೇತಿ ಬ್ಯಾಡ ಅಂತ ಅದರಾಗ ಬಂತು. ಗೊಂಬಿನೂ ಬ್ಯಾರೆ ತಾಲೂಕಿಗಿ ಒಯ್ದ್ರು.”

“ಖರೇ ಏನದ ಅಂತ ಹೇಳಿ ಬರ್ರಿ ಅವರಿಗಿ.”

“ಹೇಳೀನಿ. ಮುಂದಿನ ವರ್ಷದ ಅಂಕಿ ಬರಲಿ, ನೋಡೋಣ ಅಂದ್ರು.”

ಕಲಬುರಗಿ ಬಸ್ಸು ಬಂತು. ಎದ್ದು ಹೊರಟ ನೀಲಾಬಾಯಿಗೆ ಆಗಷ್ಟೇ ಜಬೀನಾ ಕಣ್ಣಿಗೆ ಬಿದ್ದಳು.

“ಜಬೀನಾ, ನಿನಗ ಎಷ್ಟು ತಿಂಗಳ?”

“ಏಳಾದ್ವು, ಸಿಸ್ಟರ್.”

ನೀಲಾಬಾಯಿ ಬೆರಳು ಮಡಚಿ ಎಣಿಸಿದಳು: ಹೆರಿಗೆಗೆ ಇನ್ನೆರಡೇ ತಿಂಗಳು, ಹೊಸ ಅಂಕಿ ಬರುವುದು ಮುಂದಿನ ವರ್ಷ. ಬಸ್ಸು ಹತ್ತಿದಳು.