ಗಾಲಿ ಗುರುತಿನ ಕೌದಿ

…ಅಲ್ಲವಾ ಪೂಜಾ, ನಿನ್ನೊಬ್ಬಾಕಿಗೇ ಏನು ಹೆದರಿಕಿ? ಹಿಮ ಬಿದ್ದ ದಾರ್ಯಾಗ ಗಾಡಿ ಹೊಡಿಲಿಕ್ಕೆ ಧೈರ್ಯ ಸಾಲದು ಅಂತ ಶಿಮ್ಲಾದಿಂದ ರಜಾ ಹಾಕಿ ಭಾಂಡುಪ್‌ಗೆ ಓಡಿ ಬಂದಿ, ಈಗ ನೌಕರಿನೂ ಬಿಡ್ತೀನಿ ಅಂತಿ. ಆ ಹೆದರಿಕಿ ನಿನಗ ಎಲ್ಲಿಂದ ಬಂತು ಗೊತ್ತೇನು? ಅಗೊ, ಗ್ಯಾಲರಿಯೊಳಗ ಕಣ್ಣು ಮುಚ್ಚಿ ಕುಂತಾರಲ್ಲ ನಿಮ್ಮ ಅಜ್ಜ, ಆ ಕುರ್ಚಿಯಿಂದ ಬಂತು. ನಿದ್ದಿ ಹತ್ತಿಲ್ಲ ಅವರಿಗೆ, ಎಲ್ಲಾ ಕೇಳಸ್ಕೋತಾರ.

ಈ ಮುಂಬೈದಾಗ ಟ್ಯಾಕ್ಸಿ ಹೊಡದವರು ನೋಡು. ಮಳಿಗಾಲದಾಗ ಸಾಯನ್ ಕಡೆ ನೀರು ನಿಂತ್ರ ಮಂದಿ ಗಾಡಿ ಎಲ್ಲಾ ಬಂದ್, ಇವರದೊಂದು ಗುರ್ ಅಂತ ದಾಟತಿತ್ತು. "ಫಸ್ಟ್ ಗೇರ್ ಹಾಕಬೇಕು, ರೇಸ್ ಬಿಡಬಾರದು, ಬಿಟ್ರ ಸೈಲೆನ್ಸರಿನಾಗ ನೀರು ಹೊಕ್ಕೋತೈತಿ." ಊಟಕ್ಕ ಕುಂತ್ರೂ ಇದೇ ಪುರಾಣ. ಇರಲಿ, ಎಲ್ಲಿದ್ದೆ? ಹಾಂ, ನಿಮ್ಮವ್ವನ ಹೆರಿಗಿ. ಚೊಚ್ಚಲ ಹೆರಿಗಿ ತವರಿನಾಗ ಆಗಬೇಕು, ಆದ್ರ ಡಾಕ್ಟರು ಆಕಿ ಪ್ರಯಾಣ ಮಾಡೂದು ಬ್ಯಾಡ ಅಂದ್ರು. ನಿಮ್ಮಪ್ಪ ಆಗ ಅದೇ ಶಿಮ್ಲಾ ಗುಡ್ಡದ ಕಡೆ ಸುರಂಗದ ಕೆಲಸದಾಗ ಇದ್ದ. ಮಗಳು ಬರದಿದ್ರ ತವರೇ ಹೋಗಬೇಕಲ್ಲ, ಬಾಣಂತಿಗೆ ಅಂಟಿನುಂಡಿ, ಖಾರಪುಡಿ, ನನ್ನ ಹಳೆ ಸೀರಿ ಕೂಡಿಸಿ ಕೂಸಿಗೆ ಹೊಲದ ಕೌದಿ, ಎಲ್ಲಾ ಕಟಗೊಂಡು ರೈಲು ಹತ್ತಿದ್ವಿ.

ಹೋಗಿ ವಾರ ಆಗಿರಲಿಲ್ಲ, ಮುಂಜಾನೆ ಎದ್ದು ನೋಡ್ತೀವಿ, ಹಿಮ ಬಿದ್ದು ಊರೆಲ್ಲಾ ಬೆಳ್ಳಗ. ನಿಮ್ಮಪ್ಪ ಸುರಂಗದ ಕೆಲಸಕ್ಕ ಹೋದಾವ ಅಲ್ಲೇ ಸಿಕ್ಕೊಂಡಿದ್ದ. ಅವತ್ತೇ ನಿಮ್ಮವ್ವಗ ಬ್ಯಾನಿ ಸುರುವಾತು. ಮನಿ ಮುಂದ ನಿಮ್ಮಪ್ಪನ ಜೀಪು ಐತಿ, ದವಾಖಾನಿ ಗುಡ್ಡದ ಕೆಳಗ ಐತಿ, ಡ್ರೈವರ್ ಸಾಹೇಬರು ಎಲ್ಲಿ? ಗಾಜು ಒರಸಾಕ ಹತ್ಯಾರ. ಒರಸಿದ್ದೇ ಒರಸ್ತಾರ. "ಏನ್ರೀ, ಗಾಜು ಸವದು ಹೋಗ್ತೈತಿ, ಹತ್ರಿ" ಅಂದೆ. "ನನಗ ಹೊಟ್ಟಿ ಯಾಕೋ ಸರಿ ಇಲ್ಲ" ಅಂದ್ರು. "ಆಕಿಗೂ ಹೊಟ್ಟೀನ ರೀ ಸರಿ ಇಲ್ಲ, ಹತ್ರಿ" ಅಂದೆ.

ಹತ್ತಿದ್ರು. ಮೊದಲ ತಿರುವಿನ್ಯಾಗ ಗಾಡಿ ಜಾರಿ ಬದೀಗೆ ಹೋಗಿ ನಿಂತು ಬಿಡ್ತು. ಇವರು ಏನ್ ಮಾಡಬೇಕು? ಫಸ್ಟ್ ಗೇರ್ ಹಾಕಿ, ಕಾಲು ಒತ್ತಿ, ಗುರ್ರ್ರ್! ಸಾಯನ್ನಿನ ನೀರು ಅಂತ ತಿಳಕೊಂಡಾರ ಪುಣ್ಯಾತ್ಮ. ಗಾಲಿ ಗರಗರ ತಿರಗತೈತಿ, ಗಾಡಿ ಒಂದು ಗೇಣು ಮುಂದ ಹೋಗವಲ್ದು, ಇನ್ನಷ್ಟು ಹುಗೀತು. ನನಗೂ ಜೀವ ಬಾಯಿಗೆ ಬಂದಿತ್ತು ಪೂಜಾ, ಸುಳ್ಳು ಯಾಕ ಹೇಳ್ಲಿ. ಹಿಂದ ನಿಮ್ಮವ್ವ ಹಲ್ಲು ಕಚ್ಚಿಕೊಂಡು, "ಅಪ್ಪಾ, ರೇಸ್ ಮಾಡಬ್ಯಾಡ. ನಮ್ಮ ಮನಿಯವರು ಹಿಮದಾಗ ಸೆಕೆಂಡ್ ಗೇರ್ ಹಾಕಿ ಕಾಲು ಹಗೂರ ಇಟ್ಟು ಬಿಡ್ತಾರ" ಅಂದ್ಳು. ಹಡಿಯಾಕಿ ಗೇರು ಹೇಳಿಕೊಡಬೇಕಾತು ನೋಡು.

ನಮ್ಮ ಚಾಳಿನ ರಾಡಿಯೊಳಗ ಟೆಂಪೋ ಸಿಕ್ಕೊಂಡ್ರ ಗಾಲಿ ಕೆಳಗ ಗೋಣಿಚೀಲ ಹಾಕ್ತಾರಲ್ಲ, ನನಗ ಅದು ನೆಪ್ಪಾತು. ಗೋಣಿಚೀಲ ಎಲ್ಲಿ ತರ್ಲಿ? ತೊಡಿ ಮ್ಯಾಲ ಕೌದಿ ಇತ್ತು. ಕೂಸಿನ ಕೌದಿ, ಮೂಲಿಗೊಂದು ಕುಚ್ಚ ಕಟ್ಟಿ ಹೊಲದಿದ್ದೆ. ಇಳದು ಹಿಂದಿನ ಗಾಲಿಗೆ ಒತ್ತಿ ಹಾಸಿದೆ. ಇವರು ನನ್ನ ಮುಖಾ ನೋಡಿದ್ರು, ಕಣ್ಣಾಗ ನೀರು. "ಗಾಡಿ ಬಿಡ್ರಿ, ಕೌದಿ ಇನ್ನೊಂದು ಹೊಲೀತೀನಿ" ಅಂದೆ.

ಗಾಡಿ ಎದ್ದಿತು. ಆಮ್ಯಾಲೆ ಕೌದಿ ಎತಗೊಂಡು ಬಾಜೂಕ ಕುಂತು, ತಿರುವಿಗೊಂದು ನಮ್ಮ ಭಾಂಡುಪ್ ಲೋಕಲ್ ರೈಲಿನ ಸ್ಟೇಷನ್ ಹೇಳಿದೆ. "ರೀ, ಈಗ ಕಾಂಜೂರ್ ಬಂತು. ಮುಂದಿನದು ವಿಕ್ರೋಳಿ. ಫಾಸ್ಟ್ ಅಲ್ಲ, ಸ್ಲೋ ಲೋಕಲ್ ಐತಿ ಇದು. ವಿಕ್ರೋಳಿ ಒಂದ ನೋಡ್ರಿ, ದಾದರ್ ಚಿಂತಿ ನಿಮಗ್ಯಾಕ?" ಇವರೂ ಬಾಯಿ ಬಿಟ್ಟು ಹೇಳಕೋತ ಬಂದ್ರು, ಘಾಟ್ಕೋಪರ್, ವಿದ್ಯಾವಿಹಾರ್, ಕುರ್ಲಾ. ಕುರ್ಲಾಕ್ಕ ಹೆದರಿಕಿ ಇಳೀತು. ದಾದರ್ ಬರೂದ್ರಾಗ ದವಾಖಾನಿ ಬಂತು. ಸಂಜಿಕ ನೀ ಬಂದಿ.

ಇನ್ನೊಂದು ಕೌದಿ ಎಲ್ಲಿ ಹೊಲದೆ? ಅದನ್ನ ಒಗದು ಒಣಗಿಸಿ ಅದರಾಗೇ ನಿನ್ನ ಮಲಗಿಸಿದ್ವಿ. ಸಣ್ಣಾಕಿ ಇದ್ದಾಗ ಇದ್ಯಾಕ ಇಲ್ಲಿ ಕರ್ರಗ ಐತಿ ಅಂತ ಕೇಳ್ತಿದ್ದಿ, ಎಣ್ಣಿ ಬಿದ್ದ ಕಲಿ ಅಂತಿದ್ದೆ. ಖರೇ ಹೇಳಬ್ಯಾಡ ಅಂತ ಇವರು ಆಣಿ ಮಾಡಿಸಿದ್ರು, ಮುಂಬೈ ಡ್ರೈವರ್ ಮರ್ಯಾದಿ ನೋಡು. ಆ ಕಲಿ ಗಾಲೀದು.

ನೋಡು, ಒಂದು ಕಣ್ಣು ತೆಗದ್ರು ಅಜ್ಜ. ಏನಂತೀರಿ? "ಸೆಕೆಂಡ್ ಗೇರ್ ಅಂತ ಹೇಳು ಆಕಿಗೆ" ಅಂತ. ಕೇಳಿದಿಲ್ಲ? ತಗೋ ಈ ಕೌದಿ, ಶಿಮ್ಲಾಕ್ಕ ಒಯ್ದು ಗಾಡಿ ಡಿಕ್ಕಿಯೊಳಗ ಇಟಗೊ. ಹೆದರಿಕಿ ಬಂದ್ರ ಬರಲಿ, ಬಾಜೂಕ ಕುಂಡಿರಸ್ಕೊ, ಸ್ಟೇರಿಂಗ್ ಮಾತ್ರ ಅದರ ಕೈಯಾಗ ಕೊಡಬ್ಯಾಡ. ಏಳು, ಚಾ ಆರತೈತಿ.