ಒಂದು ಸೈಜ್ ದೊಡ್ಡದು

ಬೈಕ್ ಸವಾರರ ಉಡುಪಿನ ಅಂಗಡಿಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಹಾಕಿಸಿಕೊಳ್ಳಲು ಕೂತಿದ್ದೆ. ಕನ್ನಡಿಯ ಮುಂದೆ ಒಬ್ಬ ಹುಡುಗಿ, ಜಾಕೆಟ್ಟನ್ನು ಪ್ಯಾಂಟಿಗೆ ಸೇರಿಸುವ ಸೊಂಟದ ಜಿಪ್ಪಿನೊಡನೆ ಗುದ್ದಾಡುತ್ತಿದ್ದಳು. ತಾಯಿ ಜಾಕೆಟ್ಟಿನೊಳಗೆ ಬೆನ್ನು ಕಾಯುವ ಪ್ಯಾಡನ್ನು ಒತ್ತೊತ್ತಿ ನೋಡುತ್ತಿದ್ದಳು.

“ಉಸಿರು ಕಟ್ತಿದೆ ಅಮ್ಮ. ಒಂದು ಸೈಜ್ ದೊಡ್ಡದು ನೋಡೋಣ.”

“ಬೇಡ.”

“ಬಟ್ಟೆ ಯಾವತ್ತೂ ದೊಡ್ಡದೇ ತಗೋಬೇಕು ಅಂತಿದ್ದವಳು ನೀನೇ ಅಲ್ವಾ?”

“ಹೌದು. ಬೆಳೆಯೋ ಹುಡುಗ ಅಂತ ನಿಮ್ಮಣ್ಣಂಗೂ ದೊಡ್ಡದೇ ತಂದೆ. ಬಿದ್ದಾಗ ಜಾಕೆಟ್ ಮೇಲಕ್ಕೆ ಸರಿದು, ಬೆನ್ನಿನ ಪ್ಯಾಡ್ ಕುತ್ತಿಗೇಲಿತ್ತು.”

“ಅದಕ್ಕೇ ಅವನು ಹೋದ ಅಂತ ಡಾಕ್ಟರ್ ಹೇಳಿಲ್ವಲ್ಲಮ್ಮ.”

“ಅಲ್ಲ ಅಂತಾನೂ ಹೇಳ್ಲಿಲ್ಲ.”

ಮಗಳು ಜಿಪ್ಪನ್ನು ಕೊನೆಯವರೆಗೆ ಎಳೆದಳು.

“ಸ್ವಲ್ಪ ದಪ್ಪ ಆದ್ರೂ ಮುಂದಿನ ವರ್ಷ ಇದು ಮೈಗೆ ಏರಲ್ಲ.”

“ಏರದಿದ್ರೆ ಬಿಸಾಡು. ಮುಂದಿನ ವರ್ಷ ನೀನಿದ್ರೆ ಸಾಕು.”

ಮಗಳು ಅದನ್ನು ಬಿಚ್ಚಲಿಲ್ಲ. ತೊಟ್ಟುಕೊಂಡೇ ತಾಯಿಯ ಹಿಂದೆ ಕೌಂಟರಿನತ್ತ ನಡೆದಳು.